ತೋಟದ ಮನೆ ಬುಕ್ ಮಾಡುವ ಮುನ್ನ: ಹಾಸನ, ಚಿಕ್ಕಮಗಳೂರು ಹೋಮ್‌ಸ್ಟೇಗಳ ನೋಂದಣಿ, ನಿರ್ಬಂಧ, ಅಡ್ವಾನ್ಸ್ ಕುರಿತ ಸಮಗ್ರ ಮಾರ್ಗದರ್ಶಿ

ಸಕಲೇಶಪುರದ ಹೆತ್ತೂರು ಕಡೆಯೋ, ಮೂಡಿಗೆರೆ ಆಚೆಯೋ, ಮುಳ್ಳಯ್ಯನಗಿರಿಯ ಬುಡದಲ್ಲೋ ಎರಡು ರಾತ್ರಿಗೆ ಒಂದು ತೋಟದ ಮನೆ ಹಿಡಿಯುವುದು ಈಗ ಹತ್ತು ನಿಮಿಷದ ಕೆಲಸ. ಫೋಟೊ ನೋಡಿ, ದರ ಕೇಳಿ, ಅಡ್ವಾನ್ಸ್ ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಮಲೆನಾಡಿನಲ್ಲಿ ಒಂದು ಕುಟುಂಬ ನೆಮ್ಮದಿಯಾಗಿ ಹೋಗಿ ಬರಬೇಕಾದರೆ ಮೂರು ಬೇರೆ ಬೇರೆ ಅನುಮತಿಗಳು ಕೂಡಿಬರಬೇಕು. ಮನೆಗೆ ಪ್ರವಾಸಿಗರನ್ನು ಇಟ್ಟುಕೊಳ್ಳುವ ಅನುಮತಿ ಇರಬೇಕು, ಹೋಗುವ ಘಾಟಿ ರಸ್ತೆ ತೆರೆದಿರಬೇಕು, ನೋಡಬೇಕೆಂದಿರುವ ಗಿರಿಗೆ ಅಂದು ಪ್ರವೇಶ ಇರಬೇಕು. ಇವು ಮೂರು ಬೇರೆ ಬೇರೆ ಇಲಾಖೆಗಳ ಕೈಯಲ್ಲಿವೆ. ಮನೆ ಮಾಲೀಕರು "ಎಲ್ಲಾ ಓಕೆ ಸಾರ್" ಎಂದರೆ ಅದು ಹೆಚ್ಚೆಂದರೆ ಮೊದಲನೆಯದಕ್ಕೆ ಉತ್ತರ. ಹಾಗಾಗಿ ಹಣ ಕೈಬಿಡುವ ಮೊದಲು ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದು ಇಲ್ಲಿದೆ.

ಹಂತ 1: ಮನೆಗಿಂತ ಮೊದಲು ದಿನಾಂಕ

ಕ್ಯಾಲೆಂಡರ್ ತೆಗೆದು ನಾಲ್ಕು ಕಾಲಗಳನ್ನು ಗುರುತು ಹಾಕಿಕೊಳ್ಳಿ.

ಮೊದಲನೆಯದು ದತ್ತ ಜಯಂತಿ. ಮಾರ್ಗಶಿರ ಹುಣ್ಣಿಮೆಯ ಆಸುಪಾಸಿನಲ್ಲಿ, ಅಂದರೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಚಿಕ್ಕಮಗಳೂರು ಜಿಲ್ಲಾಡಳಿತ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಭಾಗಕ್ಕೆ ಕೆಲವು ದಿನ ಪ್ರವಾಸಿಗರನ್ನು ನಿರ್ಬಂಧಿಸುತ್ತದೆ. ಕಾನೂನು ಸುವ್ಯವಸ್ಥೆಯ ಕಾರಣಕ್ಕೆ ಬರುವ ಆದೇಶವಿದು, ಇದರಲ್ಲಿ ವಿನಾಯಿತಿ ಕೇಳಿ ಪ್ರಯೋಜನವಿಲ್ಲ. ಅಕ್ಟೋಬರ್-ನವೆಂಬರ್‌ನ ದತ್ತಮಾಲಾ ಅಭಿಯಾನದ (ಭಕ್ತರು ಮಾಲೆ ಧರಿಸಿ ಗಿರಿಗೆ ಬರುವ) ದಿನಗಳಲ್ಲೂ ಇದೇ ರೀತಿ ಆಗಬಹುದು. ಬುಕ್ ಮಾಡುವ ಮೊದಲು ಪಂಚಾಂಗ ನೋಡುವುದು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಹಾಸನಾಂಬೆ ದರ್ಶನ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಗರ್ಭಗುಡಿಯ ಬಾಗಿಲು ತೆರೆದರೆ ಬಲಿಪಾಡ್ಯಮಿಯ ಮರುದಿನದವರೆಗೆ ಹಾಸನ ಪಟ್ಟಣದಲ್ಲಿ ರೂಮು ಸಿಗುವುದೇ ಕಷ್ಟ. ಆಗ ದರ ಏರುತ್ತದೆ, ಲೈಸೆನ್ಸ್ ಇಲ್ಲದ ಮನೆಗಳೂ ದಿಢೀರನೆ ಬಾಡಿಗೆಗೆ ಇಳಿಯುತ್ತವೆ. ದರ್ಶನಕ್ಕೆ ಬರದವರು ಆ ದಿನಗಳಲ್ಲಿ ಹಾಸನವನ್ನು ಬಿಟ್ಟು ಬೇಲೂರಿನ ಆಚೆ ಉಳಿಯುವುದು ಲೇಸು.

ಮೂರನೆಯದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು. ಘಾಟಿ ಕುಸಿತ, ಜಲಪಾತಗಳ ಬಳಿ ಪ್ರವೇಶ ನಿಷೇಧ, ಎರಡು ದಿನ ಕರೆಂಟಿಲ್ಲದ ತೋಟಗಳು ಎಲ್ಲವೂ ಈ ಅವಧಿಯವು. ಕೊನೆಯದು ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಣ ಕಾಲ. ಹುಲ್ಲುಗಾವಲಿಗೆ ಬೆಂಕಿ ಬೀಳುವ ಭಯದಿಂದ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂವಾಗುವುದೂ ಇದೇ ಸಮಯದಲ್ಲಿ. ಹತ್ತುವ ಆಸೆ ಬಿಟ್ಟು ತೋಟ ನೋಡಲಿಕ್ಕೆ ಬರುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಹಂತ 2: ಮನೆ ಯಾವ ಜಾತಿಯದು ಎಂದು ಗುರುತಿಸಿ

ಜಾಹೀರಾತಿನಲ್ಲಿ ಎಲ್ಲವೂ ಹೋಮ್‌ಸ್ಟೇ. ಕಾಗದದಲ್ಲಿ ಹಾಗಲ್ಲ. ಹೋಮ್‌ಸ್ಟೇ ಎಂದರೆ ಮಾಲೀಕರು ಅಥವಾ ಅವರ ಮನೆಯವರು ವಾಸವಿರುವ ಜಾಗ, ಅದರಲ್ಲಿ ಕೆಲವೇ ರೂಮುಗಳು ಅತಿಥಿಗಳಿಗೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಗರಿಷ್ಠ 6 ರೂಮು, 12 ಹಾಸಿಗೆ. ರಾಜ್ಯ ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಇದೇ ಆಸುಪಾಸಿನ ಸಣ್ಣ ಮನೆಗಳಿಗೆ ಮೀಸಲು. ಅದಕ್ಕಿಂತ ದೊಡ್ಡದಾದರೆ ಅದು ರೆಸಾರ್ಟ್ ಅಥವಾ ಲಾಡ್ಜ್. ಭೂ ಪರಿವರ್ತನೆ, ವ್ಯಾಪಾರ ಪರವಾನಗಿ, ಅಗ್ನಿ ಸುರಕ್ಷತೆ ಎಲ್ಲ ಬೇರೆ ಲೆಕ್ಕ.

ಇದರಿಂದ ನಿಮಗೇನು? ಅಜ್ಜ-ಅಜ್ಜಿ, ಚಿಕ್ಕಪ್ಪ-ದೊಡ್ಡಪ್ಪ ಸೇರಿ 22 ಜನ ಹೊರಟಿದ್ದೀರಿ ಅಂದುಕೊಳ್ಳಿ. "ಹೋಮ್‌ಸ್ಟೇನೇ, 25 ಜನರವರೆಗೂ ಅಡ್ಜಸ್ಟ್ ಆಗುತ್ತೆ" ಎನ್ನುವ ಮನೆ ತನ್ನ ನೋಂದಣಿಯ ಮಿತಿ ಮೀರುತ್ತಿದೆ, ಇಲ್ಲವೇ ನೋಂದಣಿಯೇ ಇಲ್ಲ. ಹಾಲ್‌ನಲ್ಲಿ ಹಾಸಿಗೆ ಹಾಸಿ ಮಲಗಿಸುವುದು ಮದುವೆ ಮನೆಯಲ್ಲಿ ನಡೆಯುತ್ತದೆ. ಆದರೆ ಶನಿವಾರ ರಾತ್ರಿ ಅಧಿಕಾರಿಗಳು ಪರಿಶೀಲನೆಗೆ ಬಂದರೆ ಮಕ್ಕಳನ್ನು ಎಬ್ಬಿಸಿಕೊಂಡು ಬೇರೆ ಜಾಗ ಹುಡುಕಬೇಕಾದವರು ನೀವು. ಇಷ್ಟು ಜನಕ್ಕೆ ಪಕ್ಕಪಕ್ಕದ ಎರಡು ನೋಂದಾಯಿತ ಮನೆಗಳನ್ನು ಹಿಡಿಯಿರಿ, ಅಥವಾ ಸರಿಯಾದ ರೆಸಾರ್ಟಿಗೆ ಹೋಗಿ.

ಮೂರನೆಯ ಬಗೆಯೇ ಹೆಚ್ಚು ತೊಂದರೆಯದು: ಬೆಂಗಳೂರಿನಲ್ಲಿರುವ ಮಾಲೀಕರ ಖಾಲಿ ಬಂಗಲೆ, ನೋಡಿಕೊಳ್ಳಲು ಒಬ್ಬ ಕೆಲಸದವರು, ಬುಕಿಂಗ್‌ಗೆ ಇನ್ನೊಬ್ಬ ಏಜೆಂಟ್. ಇಲ್ಲಿ ಏನಾದರೂ ಆದರೆ ಜವಾಬ್ದಾರಿ ಯಾರದೆಂದು ಯಾರಿಗೂ ಗೊತ್ತಿರುವುದಿಲ್ಲ.

ಹಂತ 3: ನೋಂದಣಿ ಪತ್ರ ತರಿಸಿಕೊಂಡು ಓದಿ

ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕೇಳಿ. ಇದನ್ನು ಕೇಳುವುದು ಸಂಕೋಚದ ವಿಷಯವೇ ಅಲ್ಲ. ಕಷ್ಟಪಟ್ಟು ನೋಂದಣಿ ಮಾಡಿಸಿದವರು ಅದನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ, ಕೇಳಿದ ಐದು ನಿಮಿಷದಲ್ಲಿ ಕಳಿಸುತ್ತಾರೆ.

ಪತ್ರ ಬಂದ ಮೇಲೆ ಐದು ಅಂಶಗಳನ್ನು ತಾಳೆ ನೋಡಿ. ಹೆಸರು: ಜಾಹೀರಾತಿನ ಹೆಸರೂ ಪತ್ರದ ಹೆಸರೂ ಒಂದೇ ಇದೆಯೇ. ವಿಳಾಸ: ಗ್ರಾಮ, ಹೋಬಳಿ, ತಾಲ್ಲೂಕು ಮ್ಯಾಪಿನ ಲೊಕೇಶನ್‌ಗೆ ಹೊಂದುತ್ತದೆಯೇ, ಆಲ್ದೂರು ಹೋಬಳಿಯ ಪತ್ರ ತೋರಿಸಿ ಕಳಸದ ಮನೆ ಕೊಡುವಂತಿಲ್ಲ. ರೂಮುಗಳ ಸಂಖ್ಯೆ: ಪತ್ರದಲ್ಲಿ 4 ಇದ್ದು ನಿಮಗೆ 7 ಕೊಡುತ್ತೇನೆಂದರೆ ಮಿಕ್ಕ ಮೂರು ಎಲ್ಲಿಂದ ಬಂದವು? ಅವಧಿ: ಯಾವ ದಿನಾಂಕದವರೆಗೆ ಊರ್ಜಿತ, ನೀವು ಉಳಿಯುವ ದಿನ ಅದರೊಳಗೆ ಬರುತ್ತದೆಯೇ. ಮಾಲೀಕರ ಹೆಸರು: ಇದನ್ನು ನೆನಪಿಟ್ಟುಕೊಳ್ಳಿ, ಹಣ ಕಳಿಸುವಾಗ ಬೇಕಾಗುತ್ತದೆ.

"ರಿನ್ಯೂವಲ್‌ಗೆ ಕೊಟ್ಟಿದ್ದೇವೆ" ಎಂದರೆ ಹಳೆಯ ಪತ್ರ ಮತ್ತು ಅರ್ಜಿಯ ಸ್ವೀಕೃತಿ ಎರಡನ್ನೂ ಕೇಳಿ. ಬರೀ ಪಂಚಾಯಿತಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೋರಿಸಿದರೆ ಅದು ನೋಂದಣಿ ಅಲ್ಲ. ಜಿಎಸ್‌ಟಿ ಸಂಖ್ಯೆ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇವೂ ಒಳ್ಳೆಯವೇ, ಆದರೆ ಅತಿಥಿಗಳನ್ನು ಇಟ್ಟುಕೊಳ್ಳುವ ಅನುಮತಿ ಅವುಗಳಿಂದ ಸಿಗುವುದಿಲ್ಲ. ಅನುಮಾನ ಉಳಿದರೆ ಜಿಲ್ಲಾ ಪ್ರವಾಸೋದ್ಯಮ ಇಲಾಖೆಯ ಕಚೇರಿಗೆ ಫೋನ್ ಮಾಡಿ ಹೆಸರು ಹೇಳಿ ಕೇಳಬಹುದು.

ಬುಕಿಂಗ್ ಆ್ಯಪ್‌ಗಳಲ್ಲಿ ಒಳ್ಳೆಯ ರೇಟಿಂಗ್ ಇದೆ ಎಂಬ ಕಾರಣಕ್ಕೆ ಈ ಹಂತ ಬಿಡಬೇಡಿ. ಊಟ ಚೆನ್ನಾಗಿತ್ತು, ಅಕ್ಕಿರೊಟ್ಟಿ ಬಿಸಿಯಾಗಿತ್ತು ಎಂದು ಐದು ನಕ್ಷತ್ರ ಕೊಟ್ಟವರು ಯಾರೂ ನೋಂದಣಿ ಪತ್ರ ನೋಡಿರುವುದಿಲ್ಲ.

ಹಂತ 4: ಒಂದು ಫೋನ್ ಕರೆ, ಕೆಲವು ನೇರ ಪ್ರಶ್ನೆಗಳು

ಮೆಸೇಜಿಗಿಂತ ಕರೆ ಮಾಡಿ, ಸಾಧ್ಯವಾದರೆ ವಿಡಿಯೊ ಕರೆ. ಗೇಟಿನಿಂದ ಅಡುಗೆಮನೆಯವರೆಗೆ ನಡೆದು ತೋರಿಸಿ ಎಂದು ಕೇಳಿ. ಬೇರೆಯವರ ಫೋಟೊ ಕದ್ದು ಜಾಹೀರಾತು ಹಾಕಿದವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ.

ಕೇಳಬೇಕಾದವು: ರಾತ್ರಿ ಮನೆಯ ಆವರಣದಲ್ಲಿ ಯಾರಿರುತ್ತಾರೆ? ಕೊನೆಯ ಎಷ್ಟು ಕಿಲೋಮೀಟರ್ ಮಣ್ಣಿನ ದಾರಿ, ನಮ್ಮ ಸಣ್ಣ ಕಾರು ಬರುತ್ತದೆಯೇ, ಜೀಪಿಗೆ ಬೇರೆ ದುಡ್ಡೇ? ಯಾವ ನೆಟ್‌ವರ್ಕ್ ಸಿಗುತ್ತದೆ? ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಅಜ್ಜಿಗೆ ಮೆಟ್ಟಿಲಿಲ್ಲದ ರೂಮು ಇದೆಯೇ? ಮನೆ ಅರಣ್ಯದ ಅಂಚಿನಲ್ಲಿದೆಯೇ, ಸಂಜೆ ಎಷ್ಟು ಹೊತ್ತಿನ ಮೇಲೆ ಹೊರಗೆ ಓಡಾಡುವಂತಿಲ್ಲ? ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗುವುದಾದರೆ ಕಾಫಿ ಕುಯ್ಲು ನಡೆಯುತ್ತಿರುತ್ತದೆಯೇ ಎಂದೂ ಕೇಳಿ. ಆಗ ಕಣದಲ್ಲಿ ಕಾಫಿ ಹರಡಿರುತ್ತದೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುತ್ತಿರುತ್ತದೆ, ಮಕ್ಕಳು ಎಲ್ಲೆಂದರಲ್ಲಿ ಆಡುವಂತಿಲ್ಲ. ಕೆಲಸ ನೋಡುವ ಆಸಕ್ತಿ ಇದ್ದರೆ ಇದೇ ಒಳ್ಳೆಯ ಹೊತ್ತು, ಮಾಲೀಕರ ಒಪ್ಪಿಗೆ ಪಡೆದು ರೈಟರ್ (ತೋಟದ ಮೇಲ್ವಿಚಾರಕ) ಜೊತೆ ಒಂದು ಸುತ್ತು ಹೋಗಿ ಬನ್ನಿ.

ಮದ್ಯದ ಬಗ್ಗೆಯೂ ಸ್ಪಷ್ಟ ಮಾಡಿಕೊಳ್ಳಿ. ಅಬಕಾರಿ ಪರವಾನಗಿ ಇಲ್ಲದ ಹೋಮ್‌ಸ್ಟೇ ಮದ್ಯ ಮಾರುವಂತಿಲ್ಲ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. "ಡಿಜೆ ಇದೆ, ಬೆಳಗಿನವರೆಗೂ ಹಾಕಬಹುದು" ಎಂದು ಹೊಗಳಿಕೊಳ್ಳುವ ಮನೆಗೆ ಮಕ್ಕಳನ್ನು ಕರೆದೊಯ್ಯಬೇಡಿ. ಪಕ್ಕದ ರೂಮಿನವರೂ ಆ ಮಾತಿಗೇ ಬಂದಿರುತ್ತಾರೆ.

ಹಂತ 5: ದರ, ಜಿಎಸ್‌ಟಿ, ಅಡ್ವಾನ್ಸ್

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ 5%, ಅದಕ್ಕಿಂತ ಮೇಲಿನದಕ್ಕೆ 18% ಜಿಎಸ್‌ಟಿ. ಈ ಮಿತಿ ಒಂದು ರೂಮಿಗೆ, ಒಂದು ದಿನಕ್ಕೆ. ಒಟ್ಟು ಬಿಲ್ಲಿಗಲ್ಲ. ₹4,000ದ ಮೂರು ರೂಮು, ಎರಡು ರಾತ್ರಿ: ₹24,000, ತೆರಿಗೆ ₹1,200. ಬಿಲ್ ದೊಡ್ಡದಿದೆ ಎಂದು 18% ಹಾಕಿದ್ದರೆ ಪ್ರಶ್ನಿಸಿ. ಆದರೆ ಇಡೀ ಬಂಗಲೆಯನ್ನು ಒಂದೇ ಘಟಕವಾಗಿ ದಿನಕ್ಕೆ ₹12,000ಕ್ಕೆ ಕೊಟ್ಟಂತೆ ಬಿಲ್ ಮಾಡಿದರೆ ಅದು ₹7,500 ದಾಟುತ್ತದೆ, ಎರಡು ರಾತ್ರಿಗೆ ತೆರಿಗೆ ₹4,320 ಆಗುತ್ತದೆ. ಹಾಗಾಗಿ ಬಿಲ್ ರೂಮಿನ ಲೆಕ್ಕದಲ್ಲೋ ಇಡೀ ಮನೆಯ ಲೆಕ್ಕದಲ್ಲೋ ಎಂದು ಮೊದಲೇ ಕೇಳಿ.

ಸಣ್ಣ ಹೋಮ್‌ಸ್ಟೇಗಳು ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ನೇರ ಬುಕಿಂಗ್‌ನಲ್ಲಿ ನಿಮ್ಮಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಕೇಳಿದರೆ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಕೊಡಿ ಎನ್ನಿ. ಅದೇ ಮನೆಯನ್ನು ಆ್ಯಪ್ ಮೂಲಕ ಹಿಡಿದರೆ ತೆರಿಗೆ ಕಟ್ಟುವ ಹೊಣೆ ಆ್ಯಪ್‌ನದು, ಆದ್ದರಿಂದ ಅಲ್ಲಿ ಜಿಎಸ್‌ಟಿ ಬಂದೇ ಬರುತ್ತದೆ. ಎರಡು ಕಡೆ ದರ ಬೇರೆ ಇರುವುದಕ್ಕೆ ಇದೂ ಒಂದು ಕಾರಣ.

ಮಲೆನಾಡಿನಲ್ಲಿ ತಲೆಗಿಷ್ಟು ಎಂದು ದರ ಹೇಳುವ ವಾಡಿಕೆ. ಅದರಲ್ಲಿ ಯಾವ ಯಾವ ಊಟ ಸೇರಿದೆ, ಎಷ್ಟು ವರ್ಷದ ಮಗುವಿಗೆ ಅರ್ಧ ದರ, ಡ್ರೈವರ್‌ಗೆ ಜಾಗ ಮತ್ತು ಊಟ ಉಂಟೇ, ಕ್ಯಾಂಪ್ ಫೈರ್‌ಗೆ ಬೇರೆ ಹಣವೇ ಎಂಬ ನಾಲ್ಕು ಮಾತು ಬರೆಸಿಕೊಂಡರೆ ಹೊರಡುವ ದಿನ ಜಗಳ ತಪ್ಪುತ್ತದೆ.

ಅಡ್ವಾನ್ಸ್ ಕಾಲು ಭಾಗಕ್ಕಿಂತ ಹೆಚ್ಚು ಕೊಡದಿರಲು ಪ್ರಯತ್ನಿಸಿ. ಯುಪಿಐನಲ್ಲಿ ನಂಬರ್ ಹಾಕಿದಾಗ ತೆರೆಯ ಮೇಲೆ ಬರುವ ಬ್ಯಾಂಕ್ ಖಾತೆಯ ಹೆಸರು ನೋಂದಣಿ ಪತ್ರದ ಮಾಲೀಕರದೋ ಅವರ ಮನೆಯವರದೋ ಆಗಿರಬೇಕು. ಸಂಬಂಧವೇ ಇಲ್ಲದ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಹಣ ವಾಪಸ್ ಕೊಡಲು ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ ಎಂದು ಯಾರಾದರೂ ಹೇಳಿದರೆ ಅದು ಮೋಸವೇ, ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಿ. ಮುಳ್ಳಯ್ಯನಗಿರಿಯ ಎತ್ತರ ಎಂದು ಶಾಲೆಯಲ್ಲಿ ಓದಿದ 1930 ಮೀಟರ್, ಸೈಬರ್ ವಂಚನೆ ಸಹಾಯವಾಣಿಯ ಸಂಖ್ಯೆಯೂ ಅದೇ, ಮರೆಯುವುದಿಲ್ಲ. ಎಷ್ಟು ಬೇಗ ದೂರು ಕೊಟ್ಟರೆ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹಣ ಹಾಕುವ ಮೊದಲು ಇಂಥದೊಂದು ಮೆಸೇಜ್ ಕಳಿಸಿ, "ಒಪ್ಪಿದೆ" ಎಂಬ ಉತ್ತರ ಬರಲಿ:

"3 ರೂಮು, 6 ದೊಡ್ಡವರು, 3 ಮಕ್ಕಳು. ಶುಕ್ರವಾರ ಮಧ್ಯಾಹ್ನ 12ರಿಂದ ಭಾನುವಾರ ಬೆಳಿಗ್ಗೆ 11ರವರೆಗೆ. ಊಟ-ತಿಂಡಿ ಸೇರಿ ಒಟ್ಟು ₹24,000, ತೆರಿಗೆ ಇದ್ದರೆ ಅದೂ ಇದರಲ್ಲೇ. ಅಡ್ವಾನ್ಸ್ ₹6,000. ಮನೆ ಇದೇ, ಬೇರೆ ಮನೆಗೆ ಕಳಿಸುವಂತಿಲ್ಲ. ಜಿಲ್ಲಾಡಳಿತದ ಆದೇಶದಿಂದ ಬರಲಾಗದಿದ್ದರೆ ಅಥವಾ ದಾರಿ ಬಂದ್ ಆದರೆ ಅಡ್ವಾನ್ಸ್ ಪೂರ್ತಿ ವಾಪಸ್, ಇಲ್ಲವೇ ಆರು ತಿಂಗಳೊಳಗೆ ನಾವು ಹೇಳಿದ ದಿನಕ್ಕೆ ಬದಲು."

ಕೊನೆಯ ಎರಡು ವಾಕ್ಯಗಳಿಗಾಗಿಯೇ ಈ ಮೆಸೇಜು. ಬಹುಪಾಲು ಮನೆಗಳ ರದ್ದತಿ ನಿಯಮ "ನೀವು ಬರದಿದ್ದರೆ" ಎಂಬ ಒಂದೇ ಸಂದರ್ಭಕ್ಕೆ ಬರೆದದ್ದು. ಸರ್ಕಾರಿ ಆದೇಶದಿಂದ ಬರಲಾಗದಿದ್ದರೆ ಏನು ಎಂಬುದು ಅಲ್ಲಿ ಇರುವುದಿಲ್ಲ, ಜಗಳ ಹುಟ್ಟುವುದು ಆ ಖಾಲಿ ಜಾಗದಲ್ಲೇ.

ಹಂತ 6: ಗುರುತಿನ ಚೀಟಿಗಳು

ಎಲ್ಲ ದೊಡ್ಡವರ ಗುರುತಿನ ಚೀಟಿ ಜೊತೆಗಿರಲಿ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಅಮೆರಿಕದಿಂದ ಬಂದ ಮಗಳು-ಅಳಿಯ ಹೀಗೆ ವಿದೇಶಿ ಪಾಸ್‌ಪೋರ್ಟ್ ಇರುವವರು ಜೊತೆಗಿದ್ದರೆ ಬುಕ್ ಮಾಡುವಾಗಲೇ ಹೇಳಿ. ವಿದೇಶಿಯರು ತಂಗಿದ ವಿವರವನ್ನು ಮನೆಯವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಆ ವ್ಯವಸ್ಥೆ ಮಾಡಿಕೊಂಡಿರದ ಮನೆ ಬಾಗಿಲಲ್ಲೇ ಇಲ್ಲ ಎನ್ನಬಹುದು.

ಹಂತ 7: ಗಿರಿಯ ಪಾಸು ಬೇರೆ, ಮನೆಯ ಬುಕಿಂಗ್ ಬೇರೆ

ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ ಭಾಗಕ್ಕೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಬುಕಿಂಗ್ ಕಡ್ಡಾಯವಾಗಿದೆ. ಬೆಳಿಗ್ಗೆ 6ರಿಂದ 12, ಮಧ್ಯಾಹ್ನ 1ರಿಂದ 6 ಎಂದು ಎರಡು ಪಾಳಿ, ಒಂದೊಂದರಲ್ಲಿ 600 ವಾಹನಗಳಿಗೆ ಅವಕಾಶ ಎಂದು ಆಗ ವ್ಯವಸ್ಥೆ ಮಾಡಲಾಯಿತು. ಶನಿವಾರ, ಭಾನುವಾರದ ಬೆಳಗಿನ ಪಾಳಿ ಬೇಗ ತುಂಬುತ್ತದೆ. ಮನೆ ಖಚಿತವಾದ ದಿನವೇ ಗಿರಿಯ ಪಾಸನ್ನೂ ಮಾಡಿಸಿ, ಸಾಧ್ಯವಿದ್ದರೆ ವಾರದ ನಡುವಿನ ದಿನ ಹಿಡಿಯಿರಿ. ಮನೆಯೇ ಗಿರಿಯ ದಾರಿಯಲ್ಲಿರುವ ಕೈಮರದ ಚೆಕ್‌ಪೋಸ್ಟ್‌ನ ಆಚೆ ಇದ್ದರೆ ಪೋಸ್ಟ್‌ನಲ್ಲಿ ಏನು ತೋರಿಸಬೇಕೆಂದು ಮಾಲೀಕರನ್ನು ಕೇಳಿ, ಬುಕಿಂಗ್ ಮೆಸೇಜನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಅಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ.

ಕುದುರೆಮುಖ, ನೇತ್ರಾವತಿ ಶಿಖರದಂಥ ಚಾರಣಗಳಿಗೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಟಿಕೆಟ್, ದಿನಕ್ಕೆ 300 ಜನರ ಮಿತಿ. "ನಾವು ಒಳದಾರಿಯಲ್ಲಿ ಕರೆದೊಯ್ಯುತ್ತೇವೆ" ಎನ್ನುವ ಹೋಮ್‌ಸ್ಟೇ ಗೈಡ್‌ನ ಮಾತು ಕೇಳಿ ಹೋದರೆ ಅರಣ್ಯ ಕಾಯ್ದೆಯಡಿ ಪ್ರಕರಣ ನಿಮ್ಮ ಮೇಲೂ ಆಗಬಹುದು. ಸಕಲೇಶಪುರದ ದೋಣಿಗಾಲ್-ಎಡಕುಮೇರಿ ರೈಲು ಹಳಿಯ ಮೇಲಿನ ನಡಿಗೆಯೂ ಹೀಗೆಯೇ. ನಿಷೇಧವಿದೆ, ರೈಲು ಬಂದರೆ ಸುರಂಗದಲ್ಲಿ ಸರಿಯಲು ಜಾಗವಿಲ್ಲ.

ರಸ್ತೆಯ ವಿಷಯ ಚುಟುಕಾಗಿ: ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ, 73ರ ಚಾರ್ಮಾಡಿ ಎರಡೂ ಮಳೆಗಾಲದಲ್ಲಿ ಮುಚ್ಚಬಹುದು, ರಾತ್ರಿ ಸಂಚಾರ ನಿಲ್ಲಬಹುದು. ಕರಾವಳಿಯಿಂದ ಬರುವವರು ಹೊರಡುವ ಹಿಂದಿನ ಸಂಜೆ ಜಿಲ್ಲಾಧಿಕಾರಿ ಕಚೇರಿಯ ಪ್ರಕಟಣೆ ನೋಡಲಿ. ಬೆಂಗಳೂರಿನಿಂದ ಬರುವವರಿಗೆ ಘಾಟಿಯ ತಾಪತ್ರಯ ಇಲ್ಲ, ಆದರೆ ತೋಟದ ದಾರಿಯನ್ನು ಬೆಳಕಿರುವಾಗಲೇ ಮುಟ್ಟಬೇಕು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗದಲ್ಲಿ ಕಾಡಾನೆ ಹಿಂಡುಗಳು ತೋಟದಲ್ಲೇ ತಂಗುತ್ತವೆ, ಸಂಜೆ ರಸ್ತೆ ದಾಟುತ್ತವೆ. ಸಂಜೆ 5ರೊಳಗೆ ಮನೆ ಸೇರುವಂತೆ ಹೊರಡಿ. ಆನೆ ಕಂಡರೆ ಹಾರ್ನ್ ಮಾಡಬೇಡಿ, ಇಳಿಯಬೇಡಿ, ಹಿಂದಕ್ಕೆ ಸರಿದು ಕಾಯಿರಿ. ಅರಣ್ಯ ಸಹಾಯವಾಣಿ 1926.

ಹಂತ 8: ಬೀಗದ ಕೈ ಪಡೆದ ಮೊದಲ ಅರ್ಧ ಗಂಟೆ

ಲಗೇಜ್ ಇಳಿಸುವ ಮೊದಲು ಬಚ್ಚಲುಮನೆ ನೋಡಿ. ಗೋಡೆಯ ಮೇಲೆ ಗ್ಯಾಸ್ ಗೀಸರ್ ಒಳಗೇ ಇದೆಯೇ? ಕಿಟಕಿಗೆ ಚಳಿಗೆಂದು ಗಾಜು ಬಿಗಿದಿದ್ದಾರೆಯೇ, ರಟ್ಟು ತುರುಕಿದ್ದಾರೆಯೇ? ಗ್ಯಾಸ್ ಸರಿಯಾಗಿ ಉರಿಯಲು ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನ ಮಾಡುತ್ತಿರುವವರಿಗೆ ತಲೆ ಸುತ್ತಿ ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯುವುದಿಲ್ಲ. ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗಿದ್ದು ಬಿಸಿನೀರಷ್ಟೇ ಪೈಪಿನಲ್ಲಿ ಒಳಗೆ ಬರುವ ಮನೆ ಆಯ್ದುಕೊಳ್ಳಿ. ಒಳಗಿದ್ದರೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳನ್ನು ಚಿಲಕ ಹಾಕಿಕೊಳ್ಳಲು ಬಿಡಬೇಡಿ. ಇದ್ದಿಲ ಕೆಂಡವನ್ನು ಮಲಗುವ ರೂಮಿನೊಳಗೆ ಇಟ್ಟುಕೊಳ್ಳುವುದೂ ಇದೇ ಕಾರಣಕ್ಕೆ ಅಪಾಯ.

ಆಮೇಲೆ ತೋಟದ ಕೆರೆ. ಕಾಫಿಗೆ ನೀರು ಹಾಯಿಸಲು ತೋಡಿದ ಕೆರೆಗಳಿಗೆ ಇಳಿಜಾರು ಇರುವುದಿಲ್ಲ, ದಡದಿಂದ ಒಂದೇ ಹೆಜ್ಜೆಗೆ ಆಳ, ತಳದಲ್ಲಿ ಹೂಳು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವಾದರೆ ಈಜು ಬಲ್ಲವರೂ ಜಾರಿ ಮೇಲೆ ಹತ್ತಲಾರರು. ಬೇಲಿ ಇದೆಯೇ ನೋಡಿ, ಇಲ್ಲದಿದ್ದರೆ ಮಕ್ಕಳಿಗೆ ಆ ಕಡೆ ಹೋಗದಂತೆ ಮೊದಲ ದಿನವೇ ಗಡಿ ಹಾಕಿ. ಆನೆ ತಡೆಯಲು ಹಾಕಿದ, ಮುಟ್ಟಿದರೆ ಶಾಕ್ ಹೊಡೆಯುವ ಸೋಲಾರ್ ಬೇಲಿ ಎಲ್ಲಿದೆಯೆಂದೂ ತೋರಿಸಿಕೊಳ್ಳಿ.

ರಿಜಿಸ್ಟರ್‌ನಲ್ಲಿ ಎಲ್ಲರ ಹೆಸರು ಬರೆಸಿ. ಬರೆಸುವುದೇ ಬೇಡ ಎನ್ನುವ ಮನೆ ನಿಮ್ಮನ್ನು ಲೆಕ್ಕದಿಂದ ಹೊರಗಿಡುತ್ತಿದೆ, ಅವಘಡವಾದರೆ ನೀವು ಅಲ್ಲಿದ್ದಿರಿ ಎಂಬುದಕ್ಕೇ ದಾಖಲೆ ಇರುವುದಿಲ್ಲ.

ಹಂತ 9: ಕೆಟ್ಟರೆ ಏನು ಮಾಡಬೇಕು

ಸಾಮಾನ್ಯವಾಗಿ ಕೆಡುವುದು ಹೀಗೆ: ತಲುಪುವ ಹೊತ್ತಿಗೆ "ಆ ಮನೆಯಲ್ಲಿ ಮೋಟರ್ ಕೆಟ್ಟಿದೆ, ನಮ್ಮದೇ ಇನ್ನೊಂದು ಮನೆ ಇದೆ ಬನ್ನಿ" ಎಂಬ ಕರೆ ಬರುತ್ತದೆ. ನೋಂದಣಿ ಇರುವ ಮನೆಯ ಪತ್ರ ತೋರಿಸಿ ನೋಂದಣಿ ಇಲ್ಲದ ಮನೆ ತುಂಬಿಸುವ ದಾರಿ ಇದು. ಆ ಎರಡನೆಯ ಮನೆಯ ಪತ್ರವನ್ನೂ ಕೇಳಿ. ಇಲ್ಲವೆಂದರೆ ಹಗಲಿರುವಾಗಲೇ ಬೇಲೂರು, ಹಾಸನ, ಚಿಕ್ಕಮಗಳೂರು ಪಟ್ಟಣದ ಲಾಡ್ಜ್‌ಗೆ ಹೊರಟುಬಿಡಿ. ಬೇಲೂರಿನಿಂದ ಚಿಕ್ಕಮಗಳೂರು ಸುಮಾರು 25 ಕಿಲೋಮೀಟರ್, ಹಳೇಬೀಡು 16. ತೋಟದಲ್ಲಿ ಉಳಿಯುವ ಯೋಜನೆ ಮುರಿದರೂ ಎರಡು ದಿನ ದೇವಾಲಯ ನೋಡಿಕೊಂಡು ಬರಬಹುದು.

ಅಡ್ವಾನ್ಸ್ ವಾಪಸ್ ಬಾರದಿದ್ದರೆ ಮೊದಲು ಏಳು ದಿನದ ಗಡುವು ಕೊಟ್ಟು ಬರಹದಲ್ಲಿ ಕೇಳಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಜೊತೆಗೆ ಜಿಲ್ಲಾ ಪ್ರವಾಸೋದ್ಯಮ ಕಚೇರಿಗೆ ಒಂದು ದೂರು. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಚಿಕ್ಕಮಗಳೂರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ದೂರಿನ ಜೊತೆ ಲಗತ್ತಿಸಬೇಕಾದವು ನಾಲ್ಕು: ಜಾಹೀರಾತಿನ ಸ್ಕ್ರೀನ್‌ಶಾಟ್, ನೋಂದಣಿ ಪತ್ರದ ಫೋಟೊ, "ಒಪ್ಪಿದೆ" ಎಂಬ ಮೆಸೇಜು, ಯುಪಿಐ ರಸೀದಿ. ಜಿಲ್ಲಾಡಳಿತದ ನಿರ್ಬಂಧದಿಂದ ಹೋಗಲಾಗದಿದ್ದರೆ ಆ ಆದೇಶದ ಪ್ರತಿಯನ್ನೋ ಅದು ಅಚ್ಚಾದ ಪತ್ರಿಕೆಯ ಪುಟವನ್ನೋ ಐದನೆಯದಾಗಿ ಸೇರಿಸಿ.